ಆ ಮೀನು ಯಾವ ಸುದ್ದಿಯನ್ನೂ ಹೊತ್ತು ಬಂದಿರಲಿಲ್ಲ

ಕನ್ನಡ ಸುದ್ದಿವಾಹಿನಿಗಳ ಸಂಪಾದಕರಿಗೆ, ಮತ್ತು ಅವರು ತೋರಿಸಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಊರಿಗೆಲ್ಲ ಹಂಚಿದ ನಮ್ಮದೇ ಬಂಧು-ಬಳಗದವರಿಗೆ,

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕಳೆದ ಡಿಸೆಂಬರಿನಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಕಾರವಾರಕ್ಕೆ ಕರೆದುಕೊಂಡು ಹೋಗುವುದೆಂದು ನಿಕ್ಕಿಯಾಗಿತ್ತು. ಶಿರಸಿ ಹಾದು, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ, ಕಾರವಾರ. ಟ್ಯಾಗೋರ್ ಕಡಲತೀರದ ಯುದ್ಧನೌಕೆ ಸಂಗ್ರಹಾಲಯ ನೋಡುವುದು, ಸಂಜೆ ನೀರಿಗೆ ಕಾಲಿಡುವುದು, ರಾತ್ರಿ ಹೊರಟು ಬೆಳಗಾಗುವುದರೊಳಗೆ ವಾಪಸ್. ಬಸ್ಸಿಗೆ ಮುಂಗಡ ಕೊಟ್ಟಾಗಿತ್ತು. ನಲವತ್ತೊಂದು ಮಕ್ಕಳಲ್ಲಿ ಮೂವತ್ತಾರು ಮಂದಿ ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ.

ಹೊರಡಲು ಐದು ದಿನ ಉಳಿದಿದ್ದಾಗ ನಿಮ್ಮ ಪೈಕಿ ಒಂದು ವಾಹಿನಿ, ಜನ ಉಂಡು ಕೂರುವ ಹೊತ್ತಿಗೆ ಸರಿಯಾಗಿ, ಅರ್ಧ ಗಂಟೆ ‘ಪ್ರಳಯದ ಮೀನು’ ತೋರಿಸಿತು. ಸಾಲಾಗಿ ನಿಂತ ಗಂಡಸರು ಎರಡೂ ಕೈಯಲ್ಲಿ ಎತ್ತಿ ಹಿಡಿದ ಬೆಳ್ಳಿ ಬಣ್ಣದ ಉದ್ದಾನುದ್ದ ಮೀನು. ಅದು 2025ರಲ್ಲಿ ತಮಿಳುನಾಡಿನ ಮೀನುಗಾರರ ಬಲೆಗೆ ಸಿಕ್ಕ ಓರ್‌ಫಿಶ್‌ನ ಹಳೆಯ ವಿಡಿಯೊ. ಹಳೆಯದು ಎಂದು ನೀವು ಹೇಳಲಿಲ್ಲ. ಅದರ ಬೆನ್ನಿಗೆ 2004ರ ಸುನಾಮಿಯ ದೃಶ್ಯ ಅಂಟಿಸಿದಿರಿ, ಹಿಂದೆ ನಗಾರಿ ಬಾರಿಸಿದಿರಿ, ಕೊನೆಗೆ ಒಬ್ಬ ಜ್ಯೋತಿಷಿಯನ್ನು ಕೂರಿಸಿ ಪಶ್ಚಿಮ ಕರಾವಳಿಗೆ ಎಂಟು ದಿನದ ಗಡುವನ್ನೂ ಕೊಡಿಸಿದಿರಿ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಒಬ್ಬ ತಾಯಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಬ್ಯಾಡಗಿಗೆ ಹೋಗುವವರು, ಆ ದಿನದ ಕೂಲಿ ಬಿಟ್ಟು ಬಂದಿದ್ದರು.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನನಗ ಇರಾಕಿ ಇಕಿ ಒಬ್ಬಾಕಿ. ಟಿವ್ಯಾಗ ಆ ಮೀನ ತೋರಿಸ್ಯಾರ. ಅದು ಮ್ಯಾಲ ಬಂತಂದ್ರ ಎಂಟ ದಿನದಾಗ ಸಮುದ್ರ ಊರೊಳಗ ಬರತೈತಂತ. ಮುಂದಿನ ವರ್ಷ ನೋಡೂಣಂತ.”

ಮಧ್ಯಾಹ್ನದ ಹೊತ್ತಿಗೆ ಆರು ಜನ ಹೆಸರು ತೆಗೆಸಿದರು. ಶನಿವಾರಕ್ಕೆ ಇಪ್ಪತ್ತಮೂರಾಯಿತು. ಹೆಡ್‌ಮಾಸ್ತರು ಬಸ್ಸಿನವನಿಗೆ ಫೋನ್ ಮಾಡಿದರು. ಬದಲಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ಬಂದೆವು. ಕೃಷ್ಣಮೃಗ ಚಂದದ ಪ್ರಾಣಿಯೇ, ಆದರೆ ಸಮುದ್ರ ನೋಡಲು ಹೊರಟ ಮಕ್ಕಳಿಗೆ ಅದನ್ನು ತೋರಿಸಿದ್ದು ಹೋಳಿಗೆಗೆ ಕರೆದು ಹುಗ್ಗಿ ಬಡಿಸಿದ ಹಾಗಾಯಿತು.

ಆ ತಾಯಿಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಇರುವ ಒಂದು ಕೂಸನ್ನು ಕಾಣದ ನೀರಿನ ಹತ್ತಿರ ಕಳಿಸುವಾಗ ಯಾರಿಗಾದರೂ ಎದೆ ಅಳುಕುತ್ತದೆ. ಸಿಟ್ಟಿರುವುದು ನಿಮ್ಮ ಮೇಲೆ, ಮತ್ತು ಅದು ಭವಿಷ್ಯ ಹೇಳಿಸಿದ್ದಕ್ಕಿಂತ ಹೆಚ್ಚಾಗಿ ಇನ್ನೊಂದಕ್ಕೆ. ಅರ್ಧ ಗಂಟೆ ಆ ಮೀನನ್ನು ತೋರಿಸಿದಿರಿ. ಅದು ಏನು ತಿನ್ನುತ್ತದೆ, ಎಲ್ಲಿರುತ್ತದೆ, ಹೇಗೆ ಈಜುತ್ತದೆ ಎಂಬ ಒಂದೇ ಒಂದು ಮಾತು ಆ ಅರ್ಧ ಗಂಟೆಯಲ್ಲಿ ಬರಲಿಲ್ಲ. ನೀವು ಬಿಟ್ಟದ್ದನ್ನು ಇಲ್ಲಿ ನಾನು ಬರೆಯುತ್ತೇನೆ.

ಅಧಿಕಾರ ಏನು ಎಂದು ಕೇಳಬಹುದು. ನಾನು ಎಂ.ಎಸ್ಸಿ ಓದಿದ್ದು ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ. ವಿಶ್ವವಿದ್ಯಾಲಯ ಇರುವುದು ಧಾರವಾಡದ ಗುಡ್ಡದ ಮೇಲೆ, ಆ ಒಂದು ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಬಯಲುಸೀಮೆಯ ಜೋಳದ ಹೊಲದಿಂದ ಹೋದ ಹುಡುಗಿ ಎರಡು ವರ್ಷ ಮೀನಿನ ಕಿವಿರು ಎಣಿಸಿ ಬಂದಳು. ಓರ್‌ಫಿಶ್ ಅನ್ನು ನಾನು ಜೀವಂತವಾಗಿ ನೋಡಿಲ್ಲ. ಅದರ ಮನೆಯಲ್ಲೇ ಅದನ್ನು ನೋಡಿದವರು ಜಗತ್ತಿನಲ್ಲೇ ಕಡಿಮೆ. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲಬಾವಿಗಳ ಸುತ್ತ ಓಡಾಡುವ ಯಂತ್ರಗಳ ಕ್ಯಾಮೆರಾಕ್ಕೆ 2008ರಿಂದ 2011ರ ನಡುವೆ ಐದು ಸಲ ಅದು ಕಂಡಿತು. ಆ ಐದೇ ನೋಟಗಳನ್ನು ವಿಜ್ಞಾನಿಗಳು ಒಂದು ಪ್ರಬಂಧ ಮಾಡಿ 2013ರಲ್ಲಿ ಪ್ರಕಟಿಸಿದರು ಎಂದರೆ ಅದೆಷ್ಟು ಅಪರೂಪದ್ದೆಂದು ಊಹಿಸಿ.

ಅದರ ಮನೆ ಎಲ್ಲಿದೆ ಎಂಬುದನ್ನು ನಾನು ಮಕ್ಕಳಿಗೆ ರೈಲ್ವೆ ಸ್ಟೇಷನ್ನಿನಿಂದ ಹೇಳಿಕೊಟ್ಟೆ. ಪ್ಲಾಟ್‌ಫಾರ್ಮಿನ ಕೊನೆಯ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಸಣ್ಣಗೆ ಬರೆದಿರುತ್ತದೆ. ಹುಬ್ಬಳ್ಳಿ ಸಮುದ್ರಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಓರ್‌ಫಿಶ್ ಓಡಾಡುವುದು ಹೆಚ್ಚಾಗಿ 200ರಿಂದ 1000 ಮೀಟರ್ ಆಳದ ನೀರಿನಲ್ಲಿ. ಹುಬ್ಬಳ್ಳಿಯವರು ಸಮುದ್ರದ ಮೇಲೆ ಎಷ್ಟು ಎತ್ತರದಲ್ಲಿದ್ದಾರೋ ಸುಮಾರು ಅಷ್ಟೇ ಕೆಳಗೆ ಅದು ಇದೆ ಅನ್ನಿ. ನಡುವೆ ಕಾರವಾರದ ಮರಳು.

ಅಷ್ಟು ಕೆಳಗೆ ಹೋದರೆ ನೀರಿನ ಒತ್ತಡ ಮೇಲಿನ ಗಾಳಿಯ ಒತ್ತಡದ ಅರವತ್ತು ಪಟ್ಟು. 200 ಮೀಟರ್ ದಾಟುವ ಹೊತ್ತಿಗೇ ಬಿಸಿಲಿನ ನೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಆಮೇಲೆ ಮುಸ್ಸಂಜೆ, 1000 ಮೀಟರಿಗೆ ಕಗ್ಗತ್ತಲು. ನಮ್ಮ ಅರಬ್ಬೀ ಸಮುದ್ರದಲ್ಲಿ ಆ ನಡುವಿನ ಪದರದಲ್ಲಿ ಉಸಿರಾಟಕ್ಕೆ ಬೇಕಾದ ಆಮ್ಲಜನಕವೂ ತೀರ ಕಡಿಮೆ. ಇನ್ನು ಕಾರವಾರದ ದಂಡೆಯ ಎದುರಿಗಿರುವ ಸಮುದ್ರ ಅಂಗಳದ ಹಾಗೆ ನಿಧಾನಕ್ಕೆ ಇಳಿಜಾರು. 200 ಮೀಟರ್ ಆಳ ಸಿಗಬೇಕಾದರೆ ದೋಣಿಯಲ್ಲಿ ಹತ್ತಾರು ಕಿಲೋಮೀಟರ್ ಹೋಗಬೇಕು. ನಮ್ಮ ಮಕ್ಕಳು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತರೆ ಆ ಮೀನಿನ ಊರು ಅವರಿಗೆ ಹಾವೇರಿಯಷ್ಟೇ ದೂರ.

ಮೀನಿನ ಮೈಯನ್ನು ನೋಡೋಣ. ಎಲುಬಿರುವ ಮೀನುಗಳಲ್ಲಿ ಇದಕ್ಕಿಂತ ಉದ್ದನೆಯದು ಇನ್ನೊಂದಿಲ್ಲ. ಸರಿಯಾಗಿ ಅಳತೆ ಮಾಡಿದ್ದು ಎಂಟು ಮೀಟರಿನ ತನಕ ಇದೆ, ಹನ್ನೊಂದು ಮೀಟರ್ ಎಂಬ ದಾಖಲೆಯ ಮಾತೂ ಉಂಟು, ಸಾಮಾನ್ಯವಾಗಿ ಸಿಗುವುದು ಮೂರು ಮೀಟರ್ ಆಸುಪಾಸಿನವು. ಅಗಲ ಕಡಿಮೆ, ದಪ್ಪ ಇನ್ನೂ ಕಡಿಮೆ, ಒಟ್ಟಿನಲ್ಲಿ ಲಾಡಿಯ ಆಕಾರ. ಹುರುಪೆ ಇಲ್ಲ. ಮೈಗೆ ಬೆಳ್ಳಿ ಬೇಗಡೆ ಮೆತ್ತಿದ ಹಾಗಿರುತ್ತದೆ, ಮುಟ್ಟಿದರೆ ಕೈಗೇ ಬರುತ್ತದೆ. ತಲೆಯಿಂದ ಬಾಲದ ತನಕ ಬೆನ್ನುದ್ದಕ್ಕೂ ಒಂದೇ ರೆಕ್ಕೆ, ಕುಂಕುಮದ ಕೆಂಪು. ಅದರ ಮೊದಲ ಹತ್ತು ಹನ್ನೆರಡು ಕಡ್ಡಿಗಳು ಉದ್ದಕ್ಕೆ ಬೆಳೆದು ನೆತ್ತಿಯ ಮೇಲೆ ತುರಾಯಿಯ ಹಾಗೆ ನಿಂತಿರುತ್ತವೆ. ಮದುವಣಿಗನ ಪೇಟಕ್ಕೆ ಸಿಕ್ಕಿಸುತ್ತಾರಲ್ಲ, ಅದೇ.

ನಿಮ್ಮ ನಿರೂಪಕರು ‘ದೈತ್ಯ’ ಎಂದು ಕೂಗಿದ ಈ ಪ್ರಾಣಿಗೆ ಬಾಯಲ್ಲಿ ಹಲ್ಲಿಲ್ಲ. ಬಾಯಿಯನ್ನು ಮುಂದಕ್ಕೆ ಚಾಚಿ ನೀರು ಎಳೆದುಕೊಳ್ಳುತ್ತದೆ. ಕಿವಿರಿನ ಒಳಗೆ ಬಾಚಣಿಕೆಯಂಥ ಕಡ್ಡಿಗಳಿವೆ, ನಮ್ಮ ಸಾಣಿಗೆ ಹಿಟ್ಟು ಸೋಸಿದ ಹಾಗೆ ಅವು ನೀರು ಸೋಸುತ್ತವೆ. ಉಳಿಯುವುದು ಕ್ರಿಲ್ ಎಂಬ ಸಿಗಡಿಯಂಥ ಸಣ್ಣ ಜೀವಿ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ್ದು. ಅದರ ಊಟ ಹೆಚ್ಚಾಗಿ ಅದೇ. ಮನುಷ್ಯನನ್ನಂತೂ ಬಿಡಿ, ಒಂದು ಬಂಗುಡೆಯನ್ನು ಕಚ್ಚಲಿಕ್ಕೂ ಅದಕ್ಕೆ ಆಗದು.

ನನಗೆ ಬಹಳ ಹಿಡಿಸಿದ್ದು ಅದು ನಿಲ್ಲುವ ರೀತಿ. ಮೀನು ಎಂದರೆ ಅಡ್ಡಡ್ಡ ಎಂಬುದು ನಮ್ಮ ಕಲ್ಪನೆ. ಯಂತ್ರಗಳ ಕ್ಯಾಮೆರಾ ಕಂಡ ಓರ್‌ಫಿಶ್ ನೀರಿನಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿತ್ತು, ತಲೆ ಮೇಲೆ, ಬಾಲ ಕೆಳಗೆ. ಹಾವಿನ ಹಾಗೆ ಮೈ ಬಳುಕಿಸುವುದೂ ಇಲ್ಲ. ಮೈ ನೇರ ಇಟ್ಟುಕೊಂಡು ಬೆನ್ನಿನ ಕೆಂಪು ರೆಕ್ಕೆಯಲ್ಲಿ ಮಾತ್ರ ಒಂದು ಅಲೆ ಎಬ್ಬಿಸುತ್ತದೆ. ಆ ಅಲೆ ಹರಿದಂತೆ ಮೀನು ಮೇಲೆ ಕೆಳಗೆ ಸರಿಯುತ್ತದೆ. ತೆನೆ ಕಟ್ಟಿದ ಜೋಳದ ಹೊಲದ ಮೇಲೆ ಗಾಳಿ ಹಾಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದ ಬರುವ ಮಂದ ಬೆಳಕಿಗೆ ಎದುರಾಗಿ ತೇಲುವ ಕ್ರಿಲ್‌ಗಳ ನೆರಳು ಕಾಣಲೆಂದು ಹಾಗೆ ನಿಲ್ಲುತ್ತಿರಬೇಕು ಎಂಬುದು ಬಲ್ಲವರ ಊಹೆ.

ಆ ಐದು ನೋಟಗಳಲ್ಲಿ ಅತಿ ಆಳದ್ದು ಸುಮಾರು 490 ಮೀಟರಿನಲ್ಲಿ, ಅತಿ ಮೇಲಿನದು ಸುಮಾರು 40 ಮೀಟರಿನಲ್ಲಿ. ಇದನ್ನು ನೀವು ಗಮನಿಸಬೇಕು. ಜೀವಂತ ಮೀನೇ 40 ಮೀಟರಿನ ತನಕ ಬಂದು ಹೋಗುತ್ತದೆ, ಆಗ ಯಾವ ಊರೂ ಮುಳುಗುವುದಿಲ್ಲ.

ಮತ್ತೆ ದಂಡೆಗೆ ಬರುವುದೇಕೆ? ಅದರ ಮಾಂಸ ನೀರುನೀರು, ಸ್ನಾಯು ಬಲ ಕಡಿಮೆ. ಹೊಯ್ದಾಟವಿಲ್ಲದ ತಣ್ಣನೆಯ ನೀರಿನಲ್ಲಿ ಬದುಕಲು ಮಾಡಿದ ಮೈ. ರೋಗ ಬಂದೋ ಗಾಯವಾಗಿಯೋ ಸೊರಗಿದ್ದು, ಬಿರುಗಾಳಿ ಎಬ್ಬಿಸಿದ ಸೆಳೆತಕ್ಕೆ ಸಿಕ್ಕಿದ್ದು, ಮೇಲಿನ ಅಲೆಯನ್ನು ಎದುರಿಸಲಾರದೆ ದಂಡೆಗೆ ಬೀಳುತ್ತದೆ. ನಾವು ನೋಡುವ ಓರ್‌ಫಿಶ್ ಹೆಚ್ಚುಕಡಿಮೆ ಯಾವಾಗಲೂ ಸತ್ತದ್ದು ಇಲ್ಲವೇ ಸಾಯುತ್ತಿರುವುದು. ನೀವು ಕ್ಯಾಮೆರಾ ಹಿಡಿದದ್ದು ಒಂದು ಸಾವಿಗೆ.

ಸಿಕ್ಕ ದೊಡ್ಡ ಮೀನುಗಳಲ್ಲಿ ಬಹಳಷ್ಟಕ್ಕೆ ಬಾಲದ ತುದಿ ಇರುವುದಿಲ್ಲ. ಕತ್ತರಿಸಿದ ಜಾಗ ಮಾಯ್ದು ಮೊಂಡಾಗಿರುತ್ತದೆ. ಹಲ್ಲಿಯ ಹಾಗೆ ತಾನೇ ಬಾಲ ಕಳಚಿಕೊಳ್ಳುತ್ತದೆ ಎಂದು ಇದನ್ನು ಆಳವಾಗಿ ಅಭ್ಯಾಸ ಮಾಡಿದವರ ಅಭಿಪ್ರಾಯ. ಮುಖ್ಯ ಅಂಗಗಳೆಲ್ಲ ಮುಂಭಾಗದಲ್ಲೇ ಇರುವುದರಿಂದ ಜೀವಕ್ಕೆ ಧಕ್ಕೆಯಿಲ್ಲ. ಹಲ್ಲಿಗೆ ಬಾಲ ಮತ್ತೆ ಬರುತ್ತದೆ, ಇದಕ್ಕೆ ಬರುವುದಿಲ್ಲ.

ಪ್ರವಾಸ ರದ್ದಾದ ಸೋಮವಾರ ನಾನು ಪಾಠ ಮಾಡಲಿಲ್ಲ. ಬಣ್ಣದ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದೆ. ಟೇಪು ಹಿಡಿದು ಎಂಟು ಮೀಟರ್ ಗುರುತು ಮಾಡಿ ಓರ್‌ಫಿಶ್ ಬರೆದೆವು. ಕೊಡಿಕಂಬದ ಕಟ್ಟೆಯಿಂದ ನೀರಿನ ಟ್ಯಾಂಕಿನ ತನಕ ಹೋಯಿತು. ಅದರ ಪಕ್ಕಕ್ಕೆ ತಲೆಗೆ ಕಾಲು ಹಚ್ಚಿ ಮಕ್ಕಳು ಮಲಗಿದರು, ಐದು ಜನರಿಗೆ ಮುಗಿಯಿತು. ಬೆನ್ನ ರೆಕ್ಕೆಗೆ ಕೆಂಪು ಸುಣ್ಣ ಸಾಲದೆ ಒಬ್ಬಳು ಮನೆಗೆ ಓಡಿ ರಂಗೋಲಿ ಬಣ್ಣ ತಂದಳು.

ಎದೆಯ ಕೆಳಗಿನ ಎರಡು ರೆಕ್ಕೆಗಳನ್ನು ಬರೆಯುವಾಗ ಒಂದು ಸೊಗಸಾಯಿತು. ಓರ್‌ಫಿಶ್‌ಗೆ ಅಲ್ಲಿ ಅಗಲವಾದ ರೆಕ್ಕೆ ಇಲ್ಲ. ಎರಡು ಉದ್ದನೆಯ ಎಳೆಗಳು, ತುದಿಯಲ್ಲಿ ಚಪ್ಪಟೆಯಾದ ಎಲೆ. ಇಂಗ್ಲಿಷಿನ ಹೆಸರು ಬಂದದ್ದೇ ಅದರಿಂದ. ಗಳಗನಾಥದ ಕಡೆಯ ಹುಡುಗನೊಬ್ಬ, ತುಂಗಭದ್ರೆಯ ದಂಡೆಯವನು, ನೋಡಿದವನೇ, “ಟೀಚರ್, ಇದು ನಮ್ಮ ಹರಿಗೋಲಿನ ಹುಟ್ಟ ಇದ್ದಂಗ ಐತಲ್ರಿ!” ಎಂದ. ನಾನು ಹೌದೋ, ‘ಓರ್’ ಎಂದರೆ ಹುಟ್ಟೇ ಎನ್ನುವಷ್ಟರಲ್ಲಿ ಹಿಂದಿನಿಂದ ಒಬ್ಬಳು, “ಹಂಗಾದ್ರ ಇದು ಸಾಯೂ ಮೀನ ಅಲ್ಲ, ಹುಟ್ಟೂ ಮೀನ” ಎಂದಳು. ನಗೆ ನಿಲ್ಲಲು ಐದು ನಿಮಿಷ ಬೇಕಾಯಿತು. ಅಂದಿನಿಂದ ನಮ್ಮ ಶಾಲೆಯಲ್ಲಿ ಅದು ಹುಟ್ಟುಮೀನು. ಆದರೆ ಆ ಹುಟ್ಟುಗಳಿಂದ ಅದು ನೀರು ತಳ್ಳುವುದಿಲ್ಲ. ಆ ತುದಿಗಳಿಂದ ನೀರಿನ ರುಚಿ ನೋಡುತ್ತದೆ ಎಂಬ ಅಂದಾಜಿದೆ.

ನಿಜವಾದ ಹುಟ್ಟಿನ ಮಾತೂ ಇದೆ. 2019ರಲ್ಲಿ ಜಪಾನಿನ ಒಕಿನಾವಾದಲ್ಲಿ ಬಲೆಗೆ ಸಿಕ್ಕ ಒಂದು ಗಂಡು, ಒಂದು ಹೆಣ್ಣಿನಿಂದ ಕೃತಕವಾಗಿ ಮೊಟ್ಟೆ ಫಲ ಕಟ್ಟಿಸಿ ಮರಿ ಮಾಡಿಸಿದರು. ಎರಡು ವಾರಕ್ಕೂ ಹೆಚ್ಚು ಕಾದ ಮೇಲೆ ಒಡೆದ ಮೊಟ್ಟೆಗಳು ಬೆರಳೆಣಿಕೆಯಷ್ಟು. ಹೊರಬಂದ ಮರಿ ಕೂದಲೆಳೆಯಷ್ಟು, ಗಾಜಿನ ಹಾಗೆ ಪಾರದರ್ಶಕ. ಕೆಲವೇ ದಿನ ಬದುಕಿದವು. ಎಂಟು ಮೀಟರಿಗೆ ಬೆಳೆಯುವ ಪ್ರಾಣಿಯ ಬಾಲ್ಯದ ಬಗ್ಗೆ ಮನುಷ್ಯ ಕಣ್ಣಾರೆ ಕಂಡದ್ದು ಬಹಳ ಕಡಿಮೆ. ನನಗೆ ಇದು ನಿಮ್ಮ ನಗಾರಿಗಿಂತ ಮೈ ಜುಮ್ಮೆನಿಸುವ ಸುದ್ದಿ.

ನಮ್ಮ ಜಿಲ್ಲೆಯ ಯಾವ ರೈತನಿಗೂ ಗೊತ್ತಿರದ ಒಂದು ನಂಟನ್ನೂ ಹೇಳಬೇಕು. ಕೊಳಕುಮಂಡಲ ಹಾವು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಗೋವಿನಜೋಳಕ್ಕೆ ನೀರು ಹಾಯಿಸಲು ಹೋಗುವವರೆಲ್ಲ ಟಾರ್ಚ್ ಹಿಡಿಯುವುದು ಅದಕ್ಕೇ. ಅದರ ಶಾಸ್ತ್ರೀಯ ಹೆಸರು ಡಬೋಯಾ ರಸೆಲಿ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಹೆಸರು ಅದು. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು, ವಿಶಾಖಪಟ್ಟಣದಲ್ಲಿ ಕುಳಿತು ಹಾವುಗಳ ವಿಷವನ್ನು ಅಭ್ಯಾಸ ಮಾಡಿದವನು. ಅದೇ ರಸೆಲ್ ಅಲ್ಲಿನ ಮೀನುಗಾರರು ತರುವ ಮೀನುಗಳ ಚಿತ್ರ ಬರೆಸಿ, ಇನ್ನೂರು ಮೀನುಗಳ ವಿವರವನ್ನು 1803ರಲ್ಲಿ ಪ್ರಕಟಿಸಿದ. ಅವುಗಳಲ್ಲಿ ಓರ್‌ಫಿಶ್ ಕೂಡ ಇತ್ತು. ಅದನ್ನೇ ಆಧರಿಸಿ 1816ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಆ ಮೀನಿಗೂ ರಸೆಲ್ಲನ ಹೆಸರಿಟ್ಟ. ಇವತ್ತಿಗೂ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಓರ್‌ಫಿಶ್ ರೆಗಾಲೆಕಸ್ ರಸೆಲಿ. ಇನ್ನೊಂದು ಪ್ರಭೇದವಾದ ರೆಗಾಲೆಕಸ್ ಗ್ಲೆಸ್ನೆಗೆ ಹೆಸರು ಬಿದ್ದದ್ದು 1772ರಲ್ಲಿ, ನಾರ್ವೆಯಲ್ಲಿ.

ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ದೇಶದ ದಂಡೆಯಲ್ಲಿ ಸಿಕ್ಕಿ, ಚಿತ್ರವಾಗಿ, ಪುಸ್ತಕದಲ್ಲಿ ಅಚ್ಚಾದ ಮೀನನ್ನು ನೀವು ‘ಹಿಂದೆಂದೂ ಕಾಣದ ನಿಗೂಢ ಜೀವಿ’ ಎಂದು ಕರೆದಿರಿ. ರಸೆಲ್ಲನ ಆತ್ಮ ವಿಶಾಖಪಟ್ಟಣದಲ್ಲೋ ಲಂಡನ್ನಿನಲ್ಲೋ ನಿಟ್ಟುಸಿರುಬಿಟ್ಟಿರಬೇಕು.

ಭೂಕಂಪದ ಮಾತಿಗೆ ಬರುತ್ತೇನೆ. ನಂಬಿಕೆ ಜಪಾನಿನದು. ಅಲ್ಲಿ ಈ ಮೀನಿಗೆ ‘ರ್ಯೂಗೂ ನೊ ತ್ಸುಕಾಯಿ’ ಎನ್ನುತ್ತಾರೆ, ಕಡಲ ದೇವರ ಅರಮನೆಯ ದೂತ ಎಂದು. ತಳದಲ್ಲಿ ನೆಲ ಅಲುಗುವುದು ಆಳದ ಮೀನಿಗೆ ಮೊದಲು ತಿಳಿಯುತ್ತದೆ, ಅದಕ್ಕೇ ಮೇಲೆ ಬರುತ್ತದೆ ಎಂಬ ಮಾತು. ಇದನ್ನು ನಾನು ಹಳ್ಳಿಗರ ಮೌಢ್ಯ ಎಂದು ತಳ್ಳಿಹಾಕುವವಳಲ್ಲ. ಇರುವೆ ಮೊಟ್ಟೆ ಹೊತ್ತು ಗೋಡೆ ಏರಿದರೆ ಮಳೆ ಎಂದು ನಮ್ಮಪ್ಪನೂ ಹೇಳುತ್ತಿದ್ದ, ಎಷ್ಟೋ ಸಲ ಮಳೆ ಬಂದದ್ದೂ ಹೌದು. ಬಾರದ ದಿನಗಳನ್ನು ಅಪ್ಪ ಬರೆದಿಟ್ಟಿರಲಿಲ್ಲ, ಅಷ್ಟೆ.

ಜಪಾನಿನವರು ಬರೆದಿಟ್ಟಿದ್ದರು. ಟೋಕಾಯ್ ವಿಶ್ವವಿದ್ಯಾಲಯದ ಯೋಶಿಯಾಕಿ ಒರಿಹಾರಾ ಮತ್ತು ಸಂಗಡಿಗರು 1928ರಿಂದ 2011ರ ತನಕದ ಹಳೆಯ ಪತ್ರಿಕೆ, ವರದಿಗಳನ್ನೆಲ್ಲ ಜಾಲಾಡಿ ಓರ್‌ಫಿಶ್ ಮತ್ತು ಅಂಥವೇ ಆಳದ ಮೀನುಗಳು ಕಾಣಿಸಿಕೊಂಡ 336 ಸಂದರ್ಭಗಳನ್ನು ಪಟ್ಟಿ ಮಾಡಿದರು. ಅದೇ ಅವಧಿಯ 221 ದೊಡ್ಡ ಭೂಕಂಪಗಳ ಪಕ್ಕಕ್ಕಿಟ್ಟು ನೋಡಿದರು. ಮೀನು ಕಂಡ 30 ದಿನದೊಳಗೆ, 100 ಕಿಲೋಮೀಟರಿನೊಳಗೆ ನೆಲ ನಡುಗಿತೇ ಎಂಬುದು ಪ್ರಶ್ನೆ. ತಾಳೆಯಾದದ್ದು ಒಂದು, 2007ರದು. ಪ್ರಬಂಧ 2019ರಲ್ಲಿ ಬಂತು. ನಂಬಿಕೆ ಹುಟ್ಟಿದ ನಾಡಿನವರೇ ಅದನ್ನು ಗೌರವದಿಂದ ಕೂರಿಸಿ ಲೆಕ್ಕ ಕೇಳಿ ಮುಗಿಸಿದ ಮೇಲೆ ನಾವು ಇಲ್ಲಿ ಅದನ್ನು ಹೊಸದಾಗಿ ಆಮದು ಮಾಡಿಕೊಂಡಿದ್ದೇವೆ.

ನಿಮ್ಮ ಕಡೆಯಿಂದ ಬರುವ ಉತ್ತರವೂ ನನಗೆ ಗೊತ್ತು: ‘ತೋರಿಸಿದ ವಾರದಲ್ಲೇ ಭೂಕಂಪ ಆಯಿತಲ್ಲ!’ ಆಗೇ ಆಗುತ್ತದೆ. ಜಗತ್ತಿನಲ್ಲಿ ರಿಕ್ಟರ್ ಮಾಪಕದಲ್ಲಿ ಆರು ದಾಟುವ ಭೂಕಂಪಗಳು ವರ್ಷಕ್ಕೆ ನೂರಕ್ಕೂ ಮಿಕ್ಕಿ. ಹೆಚ್ಚುಕಡಿಮೆ ಮೂರು ದಿನಕ್ಕೊಂದು. ಮಂಗಳವಾರ ನೀವು ಮೀನಿನ ಬದಲು ಬದನೆಕಾಯಿ ತೋರಿಸಿ, ಶುಕ್ರವಾರದೊಳಗೆ ಎಲ್ಲೋ ಒಂದು ಕಡೆ ನೆಲ ನಡುಗಿರುತ್ತದೆ.

ಭವಿಷ್ಯವಾಣಿ ನಮಗೆ ಹೊಸದಲ್ಲ. ದೇವರಗುಡ್ಡದಲ್ಲಿ, ಹೊಳೆಯಾಚೆ ಮೈಲಾರದಲ್ಲಿ ಕಾರಣಿಕ ಕೇಳುವ ನೆಲದವರು ನಾವು. ಗೊರವಯ್ಯ ಉಪವಾಸವಿದ್ದು, ಅಷ್ಟೆತ್ತರದ ಬಿಲ್ಲು ಏರಿ, ಸಾವಿರಾರು ಜನರ ಮಧ್ಯೆ ‘ಸದ್ದಲೇ’ ಎಂದು ಒಂದು ನುಡಿ ಹೇಳಿ ಕೆಳಗೆ ಬೀಳುತ್ತಾನೆ. ಆ ಒಂದು ನುಡಿಗೆ ನಮ್ಮ ಹಿರಿಯರು ಚಹಾದಂಗಡಿಯಲ್ಲಿ ಕುಳಿತು ಹತ್ತು ಅರ್ಥ ಹಚ್ಚುತ್ತಾರೆ, ಜಗಳಾಡುತ್ತಾರೆ, ಆಮೇಲೆ ಎದ್ದು ಬಿತ್ತಲು ಹೋಗುತ್ತಾರೆ. ಕಾರಣಿಕ ಕೇಳಿ ಬಿತ್ತನೆ ಬಿಟ್ಟವರನ್ನು ನಾನು ಕಂಡಿಲ್ಲ. ನೀವು ಬಿಲ್ಲು ಏರಲಿಲ್ಲ, ಉಪವಾಸ ಮಾಡಲಿಲ್ಲ, ಅರ್ಥ ಹಚ್ಚಲು ಜಾಗವನ್ನೂ ಬಿಡಲಿಲ್ಲ. ದಿನಾಂಕ ಸಮೇತ ಹೇಳಿಸಿಬಿಟ್ಟಿರಿ.

ಭೂಕಂಪಕ್ಕೆ ಹೆದರಬೇಕಾದ ಜಾಗವೂ ಬೇರೆಯೇ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್. ಯಾವ ಮೀನೂ ಬಂದು ಹೇಳಲಿಲ್ಲ. ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆಗಳು, ಮೇಲಿನ ಮಾಳಿಗೆಯ ಮಣ್ಣಿನ ಭಾರ. ಗದಗ, ಧಾರವಾಡದ ಹಳೆಯ ಓಣಿಗಳಲ್ಲಿ ಅಂಥ ಮನೆಗಳು ಇನ್ನೂ ನಿಂತಿವೆ. ಅರ್ಧ ಗಂಟೆ ಅವುಗಳ ಬಗ್ಗೆ ಮಾಡಿ, ನಾನೇ ಕುಳಿತು ನೋಡುತ್ತೇನೆ.

ಬಂಧುಗಳಿಗೆ ಒಂದೇ ಮಾತು. ಅಮೆರಿಕದ ಸೈನಿಕರು ಸಾಲಾಗಿ ಹಿಡಿದು ನಿಂತ ‘ಪಾತಾಳದ ನಾಗ’ದ ಫೋಟೊ ಈ ತಿಂಗಳಲ್ಲೇ ನನಗೆ ಮೂರು ಗುಂಪುಗಳಿಂದ ಬಂತು. ಅದು 1996ರಲ್ಲಿ ಕ್ಯಾಲಿಫೋರ್ನಿಯಾದ ದಂಡೆಯಲ್ಲಿ ಸಿಕ್ಕ, ಏಳು ಮೀಟರಿಗೂ ಉದ್ದದ ಓರ್‌ಫಿಶ್. ಥಾಯ್ಲೆಂಡಿನ ಕಡೆ ಅದೇ ಫೋಟೊವನ್ನು ಮೆಕಾಂಗ್ ನದಿಯ ನಾಗರಾಣಿ ಎಂದು ಮಾರುತ್ತಾರೆ. ಸೋದರಮಾವನಿಗೆ ಇದನ್ನು ಬಿಡಿಸಿ ಬರೆದೆ. ಅವರು ಎರಡು ಕೈ ಮುಗಿದ ಚಿತ್ರ ಕಳಿಸಿದರು. ಒಪ್ಪಿದರೋ ನಾಗನಿಗೆ ನಮಸ್ಕರಿಸಿದರೋ ತಿಳಿಯಲಿಲ್ಲ.

ಸಂಪಾದಕರಲ್ಲಿ ಕೇಳುವುದಿಷ್ಟು. ಅದೇ ರಾತ್ರಿಯ ಹೊತ್ತಿಗೆ, ಅದೇ ಅರ್ಧ ಗಂಟೆ, ಈ ಮೀನು ಬದುಕುವ ಬಗೆಯನ್ನು ತೋರಿಸಿ. ನೀರಿನಲ್ಲಿ ನೆಟ್ಟಗೆ ನಿಂತ ಅದರ ದೃಶ್ಯಗಳಿವೆ. ಅವುಗಳಿಗೆ ನಗಾರಿ ಬೇಡ. ಡಿಸೆಂಬರಿನ ಕಾರ್ಯಕ್ರಮ ತಪ್ಪಾಗಿತ್ತು ಎಂಬ ಒಂದು ಸಾಲು ಅದರ ಮೊದಲಲ್ಲಿ ಬರಲಿ, ಕೆಳಗೆ ಓಡುವ ಪಟ್ಟಿಯಲ್ಲಲ್ಲ, ನಿರೂಪಕರ ಬಾಯಲ್ಲಿ. ಮುಂದೆ ಇಂಥ ಮೀನು ಯಾರದಾದರೂ ಬಲೆಗೆ ಬಿದ್ದ ಸುದ್ದಿ ಬಂದರೆ ಜ್ಯೋತಿಷಿಗಿಂತ ಮೊದಲು ಕಾರವಾರಕ್ಕೆ ಒಂದು ಫೋನ್ ಮಾಡಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಅಲ್ಲಿದೆ, ನಾನು ಓದಿದ ವಿಭಾಗವೂ ಅಲ್ಲಿದೆ. ಎಷ್ಟು ಉದ್ದ ಇತ್ತು, ಬಾಲ ಇತ್ತೇ, ಹೊಟ್ಟೆಯಲ್ಲಿ ಏನಿತ್ತು, ಎಷ್ಟು ಆಳದ ಬಲೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಮೀನುಗಾರ ನಿಮ್ಮ ಇಡೀ ಸ್ಟುಡಿಯೊಕ್ಕಿಂತ ದೊಡ್ಡ ಕೆಲಸ ಮಾಡಿದಂತೆ. ಅಷ್ಟು ಕಡಿಮೆ ಗೊತ್ತಿದೆ ಈ ಮೀನಿನ ಬಗ್ಗೆ.

ಅಂಗಳದ ಚಿತ್ರ ಹನ್ನೊಂದು ದಿನ ಇತ್ತು. ಮಕ್ಕಳು ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದರು. ಪಾಲಕರ ಸಭೆಯ ದಿನ ಆ ತಾಯಿಯೂ ಬಂದರು. ಮಗಳು ಕೈ ಹಿಡಿದು ತಲೆಯಿಂದ ಬಾಲದ ತನಕ ನಡೆಸಿ, ಹುಟ್ಟು ತೋರಿಸಿ, ತುರಾಯಿ ತೋರಿಸಿ, ಹಲ್ಲಿಲ್ಲದ ಬಾಯಿ ತೋರಿಸಿ, ಎಲ್ಲ ಹೇಳಿದಳು. ತಾಯಿ ಬಹಳ ಹೊತ್ತು ಸುಮ್ಮನೆ ನಿಂತು, “ಹಲ್ಲ ಇಲ್ಲದ್ದಕ್ಕ ಇಷ್ಟ ಹೆದರಿದ್ನೇನ ನಾ?” ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾರ, ಸಮುದ್ರ ನಾನೂ ನೋಡಿಲ್ರಿ” ಎಂದರು.

ಪ್ರವಾಸವನ್ನು ಫೆಬ್ರುವರಿಯ ಎರಡನೇ ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ. ನಲವತ್ತೊಂದೂ ಮಕ್ಕಳ ಒಪ್ಪಿಗೆ ಪತ್ರ ಬಂದಿದೆ. ತಾಯಂದಿರು ನಾಲ್ವರು ಬರುತ್ತಿದ್ದಾರೆ. ಐವತ್ತು ಸೀಟಿನ ಬಸ್ಸು, ಶಿಕ್ಷಕರು ಮೂವರು, ಉಳಿದದ್ದು ಎರಡು ಸೀಟು. ನಿಮ್ಮ ವರದಿಗಾರರೂ ಕ್ಯಾಮೆರಾದವರೂ ಬರುವುದಾದರೆ ಬೆಳಗಿನ ಜಾವ ನಾಲ್ಕಕ್ಕೆ ಶಾಲೆಯ ಗೇಟಿನ ಹತ್ತಿರ ಇರಬೇಕು. ಬುತ್ತಿ ತರುವುದು ಬೇಡ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸಾಕಷ್ಟಿರುತ್ತದೆ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ವಿಜ್ಞಾನ ಶಿಕ್ಷಕಿ